ನೀರಿಗೆ ಬಾಗಿಲು ತೆರೆದ ಚರ್ಚು

1823ರ ಜನವರಿಯಲ್ಲಿ ಅಬ್ಬೆ ದುಬಾಯ್ ಎಂಬ ಫ್ರೆಂಚ್ ಪಾದ್ರಿ ಭಾರತಕ್ಕೊಂದು ಕೈಮುಗಿದು ಹಡಗು ಹತ್ತಿದರು. ಮೂವತ್ತು ವರ್ಷ ಇಲ್ಲಿ ಬಾಳಿದವರು ಮತ್ತೆ ಈ ಕಡೆ ತಲೆ ಹಾಕಲಿಲ್ಲ. 1848ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡರು. ಅದಾಗಿ ಹನ್ನೆರಡು ವರ್ಷಕ್ಕೆ, 1860ರಲ್ಲಿ, ಹಾಸನದ ಹತ್ತಿರ ಶೆಟ್ಟಿಹಳ್ಳಿಯಲ್ಲಿ ಅವರೇ ನಿಂತು ದೊಡ್ಡದೊಂದು ಚರ್ಚು ಕಟ್ಟಿಸಿದರಂತೆ! ಪ್ರವಾಸಿಗರಿಗೆ ದಾರಿ ತೋರಿಸುವವರಿಂದ ಹಿಡಿದು ವಿಡಿಯೊ ಮಾಡುವ ಹುಡುಗರವರೆಗೆ ಎಷ್ಟೋ ಮಂದಿ ಇದನ್ನೇ ಹೇಳುತ್ತಾರೆ. ಹೇಳುವವರಿಗೂ ಕೇಳುವವರಿಗೂ ಇಸವಿ ಕೂಡಿಸಿ ಕಳೆಯುವ ವ್ಯವಧಾನ ಇದ್ದಂತಿಲ್ಲ.

ಹಾಸನದಿಂದ ಗೊರೂರು ಕಡೆಗೆ ಇಪ್ಪತ್ತು ಕಿಲೋಮೀಟರ್ ಆಸುಪಾಸಿನಲ್ಲಿ, ಹೇಮಾವತಿ ಜಲಾಶಯದ ಅಂಚಿನಲ್ಲಿ ಈ ಚರ್ಚು ನಿಂತಿದೆ. ಜಪಮಾಲೆ ಮಾತೆಯ ಹೆಸರಿನದು. ಮಳೆಗಾಲ ಬಂದು ಅಣೆಕಟ್ಟು ತುಂಬಿದರೆ ಚರ್ಚಿನ ಮೇಲ್ಭಾಗ ಮಾತ್ರ ಕಾಣುತ್ತದೆ. ಬೇಸಿಗೆಯಲ್ಲಿ ನೀರು ಇಳಿದರೆ ಬುಡದವರೆಗೂ ನಡೆದು ಹೋಗಬಹುದು. ನಮ್ಮ ಮುಳಬಾಗಿಲು ತಾಲ್ಲೂಕಿನ ತಾಯಲೂರು ಕಡೆಯವರಿಗೆ ಇದು ಸ್ವಲ್ಪ ವಿಚಿತ್ರವಾಗಿಯೇ ಕೇಳಿಸುತ್ತದೆ. ಕೆರೆ ಕೋಡಿ ಹರಿದರೆ ಗಂಗಮ್ಮನಿಗೆ ಪೂಜೆ ಮಾಡಿ ಬಾಗಿನ ಬಿಡುವ ಬಯಲುಸೀಮೆ ನಮ್ಮದು. ವರ್ಷ ವರ್ಷವೂ ನೀರು ಬಂದು ಒಂದು ದೇವರ ಮನೆಯನ್ನು ಮುಳುಗಿಸಿ ಹೋಗುತ್ತದೆ ಎಂದರೆ ಮೊದಲು ಹುಟ್ಟುವುದು ಮರುಕವಲ್ಲ, ಅಷ್ಟು ನೀರು ಎಲ್ಲಿಂದ ಬಂತು ಎಂಬ ಬೆರಗು.

ದುಬಾಯ್ ಹೆಸರು ಈ ಚರ್ಚಿಗೆ ಅಂಟಿಕೊಂಡಿದ್ದಕ್ಕೆ ಕಾರಣವಿಲ್ಲದೆ ಇಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯಲ್ಲಿ ಚದುರಿಹೋಗಿದ್ದ ಕ್ಯಾಥೊಲಿಕರನ್ನು ಮತ್ತೆ ಕೂಡಿಸಲು ಬಂದವರು ಅವರು. ನಿಲುವಂಗಿ, ತಲೆಗೆ ರುಮಾಲು, ಸಸ್ಯಾಹಾರ. ಊರವರು ಅವರನ್ನು ದೊಡ್ಡ ಸ್ವಾಮಿಯೋರು ಎಂದು ಕರೆಯುತ್ತಿದ್ದರಂತೆ. ಹಾಸನ ಸೀಮೆಯಲ್ಲಿ ಕ್ರೈಸ್ತ ರೈತ ಕುಟುಂಬಗಳಿಗೆ ಬೇಸಾಯದ ನೆಲೆ ಮಾಡಿಕೊಟ್ಟರು. ಸಿಡುಬಿನ ಲಸಿಕೆ ಆಗಷ್ಟೇ ಬಂದಿತ್ತು; 1803-04ರಲ್ಲಿ ಅವರ ಕಡೆಯಿಂದ ಲಸಿಕೆ ಹಾಕಿಸಿಕೊಂಡವರ ಲೆಕ್ಕ 25,432. ಹಿಂದೂಗಳ ಆಚಾರ ವಿಚಾರಗಳ ಬಗ್ಗೆ ಅವರ ಹೆಸರಿನಲ್ಲಿರುವ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿ 1807ರಲ್ಲಿ ದುಡ್ಡು ಕೊಟ್ಟು ಕೊಂಡಿತು. ಅದರ ಬಹುಪಾಲು ಕೆರ್ದು ಎಂಬ ಹಿಂದಿನ ಜೆಸ್ವಿಟ್ ಪಾದ್ರಿಯ ಬರಹದಿಂದ ಎತ್ತಿದ್ದು ಎಂದು ವಿದ್ವಾಂಸರು ತೋರಿಸಿದ್ದು ಬಹಳ ಕಾಲದ ಮೇಲೆ.

ಇನ್ನೂ ಒಂದು ತಮಾಷೆ ಇದೆ. ಊರಿಗೆ ಹೊರಟ ವರ್ಷವೇ ಅವರು ಲಂಡನ್ನಿನಲ್ಲಿ ಒಂದು ಪುಸ್ತಕ ಅಚ್ಚು ಹಾಕಿಸಿದರು. ಹಿಂದೂಗಳನ್ನು ಕ್ರೈಸ್ತರನ್ನಾಗಿ ಮಾಡುವುದು ಆಗಿಹೋಗದ ಮಾತು, ಈ ಮತಕ್ಕೆ ಆ ನೆಲದಲ್ಲಿ ಮುಂದೆ ಬೆಳವಣಿಗೆ ಇಲ್ಲ ಎಂಬುದು ಅದರ ಸಾರ. ಹೀಗೆ ಕೈಚೆಲ್ಲಿ ಹೋದವರ ಹೆಸರನ್ನೇ ಹುಡುಕಿ ತಂದು, ನಾಲ್ಕು ದಶಕದ ಆಮೇಲಿನ ಚರ್ಚಿಗೆ ಅಂಟಿಸಿದ್ದೇವೆ. ಬದುಕಿದ್ದರೆ ಅವರೇ ತಕರಾರು ತೆಗೆಯುತ್ತಿದ್ದರೋ ಏನೋ.

ಹಾಗಾದರೆ ಕಟ್ಟಿಸಿದವರು ಯಾರು? ದುಬಾಯ್ ನಂತರ ಬಂದ ಫ್ರೆಂಚ್ ಪಾದ್ರಿಗಳು. ಪ್ಯಾರಿಸ್ ವಿದೇಶಿ ಮಿಷನ್ ಎಂಬ ಸಂಘದವರು. ಅದೇ ದುಬಾಯ್ ಅವರ ಸಂಘ. ಪ್ಯಾರಿಸ್ಸಿನ ರ‍್ಯೂ ದ್ಯು ಬಾಕ್ ಬೀದಿಯಲ್ಲಿ ಅದರ ಗುರುಮಠ. ಮೈಸೂರು ಸೀಮೆ ಮೊದಲು ಪಾಂಡಿಚೇರಿಯ ಕೈಕೆಳಗಿತ್ತು. 1850ರಲ್ಲಿ ಅದನ್ನು ಬೇರೆ ಮಾಡಿ ಶಾರ್ಬೊನೊ ಎಂಬ ಬಿಷಪ್ಪರ ಸುಪರ್ದಿಗೆ ಕೊಟ್ಟರು. 1873ರವರೆಗೆ, ಅಂದರೆ ಶೆಟ್ಟಿಹಳ್ಳಿಯ ಚರ್ಚು ಮೇಲೆದ್ದ ಕಾಲದಲ್ಲೆಲ್ಲ, ಮೈಸೂರು ಮಿಷನ್ನಿನ ಯಜಮಾನಿಕೆ ಅವರದೇ. ಬೆಂಗಳೂರಿನಲ್ಲಿ ಈ ಮಿಷನ್ನಿಗೆ ಸ್ವಂತ ಅಚ್ಚುಕೂಟ ಇತ್ತು. ಲ್ಯಾಟಿನ್ ಮತ್ತು ಕನ್ನಡದ ನಿಘಂಟುಗಳು ಅಲ್ಲಿಂದಲೇ ಬಂದವು. ಕನ್ನಡ ಕಲಿಯದೆ ಹಳ್ಳಿಗೆ ಹೋಗುವಂತಿರಲಿಲ್ಲ. ಒಮ್ಮೆ ಹಡಗು ಹತ್ತಿದ ಪಾದ್ರಿ ಸಾಮಾನ್ಯವಾಗಿ ಇಲ್ಲೇ ಮಣ್ಣಾಗಬೇಕು. ದುಬಾಯ್ ವಾಪಸು ಹೋದದ್ದೇ ಅಪರೂಪ.

ಈ ಪಾದ್ರಿಗಳು ಶಿಲ್ಪಶಾಸ್ತ್ರ ಓದಿದವರಲ್ಲ. ಆದರೂ ಚೂಪು ಕಮಾನಿನ ಗೋಥಿಕ್ ಶೈಲಿಯನ್ನೇ ಯಾಕೆ ಹಿಡಿದರು ಎಂಬುದಕ್ಕೆ ಉತ್ತರ ಅವರು ಓದಿದ ಬೀದಿಯಲ್ಲೇ ಸಿಗುತ್ತದೆ. ಆ ಹೊತ್ತಿಗೆ ಪ್ಯಾರಿಸ್ಸಿಗೆ ಗೋಥಿಕ್ ಹುಚ್ಚು ಹಿಡಿದಿತ್ತು. ನೋತ್ರ್ ದಾಮ್ ಚರ್ಚಿನ ಜೀರ್ಣೋದ್ಧಾರ 1845ರ ಸುಮಾರಿಗೆ ಶುರುವಾಗಿ 1864ರವರೆಗೂ ನಡೆಯಿತು. ಮಿಷನ್ನಿನ ಗುರುಮಠದಿಂದ ನಡೆದು ಹೋಗುವಷ್ಟು ದೂರದಲ್ಲೇ ಸೇಂಟ್ ಕ್ಲೊತಿಲ್ಡ್ ಎಂಬ ಹೊಸ ಗೋಥಿಕ್ ಚರ್ಚು 1846ರಿಂದ 1857ರವರೆಗೆ ಮೇಲೆದ್ದಿತು. ಇಪ್ಪತ್ತರ ಹರೆಯದ ಹುಡುಗರು ದಿನಾ ಆ ಸಾರುವೆಗಳನ್ನು ನೋಡುತ್ತ ಓದಿ, ದೀಕ್ಷೆ ತೊಟ್ಟು, ಹಡಗು ಹತ್ತಿ ಬಂದವರು. ಚರ್ಚು ಅಂದರೆ ಹೀಗಿರಬೇಕು ಎಂದು ಅವರ ತಲೆಯಲ್ಲಿ ಕೂತಿದ್ದು ಅದು. ಹಾಸನದಲ್ಲಿ ಕೈಗೆ ಸಿಕ್ಕಿದ್ದು ಮಾತ್ರ ಇಟ್ಟಿಗೆ, ಸುಣ್ಣ, ಮತ್ತು ನಮ್ಮ ಗಾರೆಯವರು.

ಇಲ್ಲೊಂದು ಸೊಗಸು. ಬೇಲೂರು, ಹಳೇಬೀಡುಗಳ ಸೀಮೆ ಇದು. 1117ರಲ್ಲಿ ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆ. ಅದಾದ ನಾಲ್ಕೇ ವರ್ಷಕ್ಕೆ ಹಳೇಬೀಡಿನ ಕೆಲಸ. ಹೊಯ್ಸಳರ ರೂವಾರಿಗಳು ಬಳಪದ ಕಲ್ಲಿನಲ್ಲಿ ಮಾಡದ ಚಮತ್ಕಾರವಿಲ್ಲ. ಆದರೆ ಸೂರು ನಿಲ್ಲಿಸುವ ಲೆಕ್ಕಕ್ಕೆ ಬಂದರೆ ಅವರದು ಸರಳ ನಿಯಮ: ಎರಡು ಕಂಬ, ಮೇಲೊಂದು ತೊಲೆ. ಕಲ್ಲಿನ ತೊಲೆ ಎಷ್ಟು ಉದ್ದ ತಡೆಯುತ್ತದೋ ಅಷ್ಟೇ ಅಂಕಣದ ಅಗಲ. ಅದಕ್ಕೇ ನಮ್ಮ ನವರಂಗಗಳಲ್ಲಿ ನಾಲ್ಕು ಹೆಜ್ಜೆಗೊಂದು ಕಂಬ. ನಮ್ಮ ಕೋಲಾರದ ಕಡೆ ಬಂಡೆಗೆ ಉಳಿಯಿಂದ ತೂತು ಹೊಡೆದು, ಸೀಳಿ, ಉದ್ದನೆಯ ಚಪ್ಪಡಿ ಎಬ್ಬಿಸಿ ಮನೆಗೆ ಸೂರು ಹಾಸುವವರೂ ಇದೇ ನಿಯಮದವರು.

ಕಮಾನಿನ ನಿಯಮ ಬೇರೆ. ಅಲ್ಲಿ ಉದ್ದನೆಯ ಕಲ್ಲೇ ಬೇಡ. ಅಂಗೈ ಅಗಲದ ಇಟ್ಟಿಗೆಗಳೇ ಒಂದನ್ನೊಂದು ಒತ್ತಿಕೊಂಡು ಭಾರವನ್ನು ಎರಡೂ ಪಕ್ಕಕ್ಕೆ ದಾಟಿಸುತ್ತವೆ. ಅರ್ಧ ಚಂದ್ರಾಕಾರದ ಕಮಾನು ಗೋಡೆಗಳನ್ನು ಹೊರಕ್ಕೆ ಜೋರಾಗಿ ತಳ್ಳುತ್ತದೆ. ನೆತ್ತಿ ಚೂಪಾದಷ್ಟೂ ಆ ತಳ್ಳಾಟ ಕಡಿಮೆಯಾಗಿ ಭಾರ ನೆಲದ ಕಡೆಗೆ ಇಳಿಯುತ್ತದೆ. ಅದಕ್ಕೇ ಚೂಪು ಕಮಾನಿನ ಗೋಡೆಯನ್ನು ಎತ್ತರಕ್ಕೆ ಒಯ್ಯಬಹುದು, ಅದರಲ್ಲಿ ದೊಡ್ಡ ಕಿಟಕಿ ತೆರೆಯಬಹುದು. ಉಳಿದ ತಳ್ಳಾಟವನ್ನು ತಡೆಯಲು ಗೋಡೆಗೆ ಹೊರಗಿನಿಂದ ಒತ್ತುಗಂಬಗಳು. ಇದೆಲ್ಲ ಫ್ರಾನ್ಸಿನಿಂದ ಬಂದ ಹೊಸ ಪಾಠ, ನಮ್ಮ ಮೇಸ್ತ್ರಿಗಳು ಬಾಯಿ ಬಿಟ್ಟು ಕೇಳಿರಬೇಕು ಎಂದುಕೊಳ್ಳಬೇಕಿಲ್ಲ. ಬೀದರ್, ಬಿಜಾಪುರಗಳ ಕಾಲದಿಂದ ಕನ್ನಡ ನಾಡಿನ ಗಾರೆಯವರಿಗೆ ಚೂಪು ಕಮಾನು ಗೊತ್ತು. ಮಸೀದಿಗೆ, ಕೋಟೆ ಬಾಗಿಲಿಗೆ, ಅರಮನೆಗೆ ಹಾಕಿ ಪಳಗಿದ ಕೈ ಅದು. ಮರದ ಸೆಂಟ್ರಿಂಗ್ ಕಟ್ಟಿ, ಎರಡು ಪಕ್ಕದಿಂದಲೂ ಸಮನಾಗಿ ಇಟ್ಟಿಗೆ ಏರಿಸಿ, ನೆತ್ತಿಯ ಇಟ್ಟಿಗೆಯನ್ನು ಬಿಗಿಯಾಗಿ ಕೂರಿಸಿ, ಗಾರೆ ಗಟ್ಟಿಯಾದ ಮೇಲೆ ಸೆಂಟ್ರಿಂಗ್ ಬಿಚ್ಚುವುದು. ಇದನ್ನು ಪಾದ್ರಿ ಕಲಿಸಿದರೋ ಮೇಸ್ತ್ರಿ ಪಾದ್ರಿಗೆ ಕಲಿಸಿದನೋ ಹೇಳಲಾಗದು. ನನ್ನ ಓಟು ಮೇಸ್ತ್ರಿಗೆ.

ಗಿಲಾವು ಕಳಚಿ ಬಿದ್ದ ಕಡೆ ಕಟ್ಟಡದ ಒಳಮೈ ಈಗ ಚೆನ್ನಾಗಿ ಕಾಣುತ್ತದೆ. ಕೆಂಪು ಇಟ್ಟಿಗೆ, ಸಂದಿಯಲ್ಲಿ ದಪ್ಪನೆಯ ಬಿಳಿ ಗಾರೆ. ಇದರಲ್ಲಿ ಬೆಲ್ಲ, ಮೊಟ್ಟೆ ಬೆರೆಸಿದ್ದಾರೆ, ಅದಕ್ಕೇ ನೀರಿನಲ್ಲೂ ಕರಗದೆ ನಿಂತಿದೆ ಎನ್ನುವುದು ಶೆಟ್ಟಿಹಳ್ಳಿಯ ಎರಡನೇ ಜನಪ್ರಿಯ ಕಥೆ. ಮೊದಲನೆಯದರ ಹಾಗೆ ಇದು ಪೂರಾ ಸುಳ್ಳಲ್ಲ, ಆದರೆ ಪೂರಾ ನಿಜವೂ ಅಲ್ಲ. ಹಳೆಯ ಗಾರೆಯ ಕ್ರಮ ಹೀಗೆ: ಸುಣ್ಣದ ಕಲ್ಲನ್ನು ಸುಡಬೇಕು, ನೀರು ಹಾಕಿ ಅರಳಿಸಬೇಕು, ಗುಂಡಿಯಲ್ಲಿ ದಿನಗಟ್ಟಲೆ ನೆನೆಯಲು ಬಿಡಬೇಕು. ಆಮೇಲೆ ಮರಳು ಬೆರೆಸಿ ಗಾರೆ ಗಾಣಕ್ಕೆ ಹಾಕಬೇಕು. ಗಾಣ ಅಂದರೆ ವೃತ್ತಾಕಾರದ ಕಾಲುವೆ, ಅದರಲ್ಲಿ ಉರುಳುವ ಕಲ್ಲಿನ ಚಕ್ರ, ಎಳೆಯಲು ಎತ್ತು. ಅರೆದಷ್ಟೂ ಗಾರೆ ಗಟ್ಟಿ. ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಹಾಕುವ ರೂಢಿ ನಮ್ಮಲ್ಲಿ ಎಲ್ಲೆಡೆ ಇತ್ತು. ಗಾರೆ ಬೇಗ ಬಿರುಸಾಗದೆ ಕೈಗೆ ಒಗ್ಗುತ್ತದೆ, ಬಿರುಕು ಕಡಿಮೆ. ಮೊಟ್ಟೆಯ ಬಿಳಿ ಹಾಕುತ್ತಿದ್ದುದು ಮೇಲುಗಾರೆಗೆ, ನುಣುಪು ಮತ್ತು ಹೊಳಪಿಗೆ. ಇಷ್ಟೆತ್ತರದ ಗೋಡೆಗೆಲ್ಲ ಮೊಟ್ಟೆ ಬೆರೆಸಬೇಕೆಂದಿದ್ದರೆ ಹಾಸನ ಸೀಮೆಯ ಕೋಳಿಗಳೆಲ್ಲ ರಜೆಯಿಲ್ಲದೆ ದುಡಿದರೂ ಸಾಲುತ್ತಿರಲಿಲ್ಲ.

ನೀರನ್ನು ತಡೆಯುವ ಗುಣ ಬರುವುದು ಸುರ್ಕಿಯಿಂದ, ಅಂದರೆ ಸುಟ್ಟ ಇಟ್ಟಿಗೆಯ ಪುಡಿಯಿಂದ. ಬರೀ ಸುಣ್ಣಕ್ಕೆ ಗಟ್ಟಿಯಾಗಲು ಗಾಳಿ ಬೇಕು. ಸುರ್ಕಿ ಬೆರೆತ ಸುಣ್ಣ ತೇವದಲ್ಲೂ ಬಿಗಿಯುತ್ತದೆ. ಇದಕ್ಕೆ ಸಾಕ್ಷಿ ದೂರ ಇಲ್ಲ. ಹೇಮಾವತಿ ಗೊರೂರು ದಾಟಿ ಕೆಳಗೆ ಹರಿದು ಕಾವೇರಿಯನ್ನು ಸೇರುವುದು ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ. 1911ರಲ್ಲಿ ಶುರುವಾದ ಆ ಅಣೆಕಟ್ಟು ನಿಂತಿರುವುದು ಸುರ್ಕಿ ಗಾರೆಯ ಮೇಲೇ.

ಮೂರನೇ ಕಥೆ: ಆಲೂರು, ಸಕಲೇಶಪುರದ ಬ್ರಿಟಿಷ್ ತೋಟದ ದೊರೆಗಳ ಪ್ರಾರ್ಥನೆಗಾಗಿ ಈ ಚರ್ಚು ಕಟ್ಟಿದ್ದಂತೆ. ಆ ಕಡೆಯ ಮಂಜರಾಬಾದ್ ಸೀಮೆಯಲ್ಲಿ ಗ್ರೀನ್ ಎಂಬಾತ 1843ರಲ್ಲಿ ಕಾಫಿ ತೋಟ ಹಾಕಿದ. ಎಲಿಯಟ್ ಮೊದಲಾದವರು 1850ರ ದಶಕದಲ್ಲಿ ಬಂದರು. ಕಾಲ ಹೊಂದುತ್ತದೆ, ಉಳಿದದ್ದು ಹೊಂದುವುದಿಲ್ಲ. ಆ ದೊರೆಗಳಲ್ಲಿ ಬಹುಪಾಲು ಜನ ಪ್ರಾಟೆಸ್ಟೆಂಟರು. ಫ್ರೆಂಚ್ ಕ್ಯಾಥೊಲಿಕ್ ಪಾದ್ರಿಯ ಲ್ಯಾಟಿನ್ ಪೂಜೆಗೆ ಕುದುರೆ ಏರಿ ಘಟ್ಟದಿಂದ ಇಳಿದು ಬರುತ್ತಿದ್ದರು ಎಂದರೆ ನನಗೆ ನಂಬಿಕೆ ಹುಟ್ಟುವುದಿಲ್ಲ. ಯಾರೋ ಒಬ್ಬಿಬ್ಬರು ಐರಿಷರು ಬಂದಿರಬಹುದು. ಚರ್ಚು ನಿಂತಿರುವುದು ಕನ್ನಡ ರೈತರ ಹಳ್ಳಿಯಲ್ಲಿ, ಹೊಲಗಳ ನಡುವೆ. ದಿನದ ಪೂಜೆಗೆ ಬರುತ್ತಿದ್ದವರು ರಾಗಿ ಬೆಳೆಯುವ ಕ್ರೈಸ್ತರು. ಇಟ್ಟಿಗೆ ಹೊತ್ತವರೂ ಅಂಥವರೇ ಇರಬೇಕು. ಚೆಂದದ ಕಟ್ಟಡ ಕಂಡರೆ ದೊರೆಗೇ ಕಟ್ಟಿದ್ದು ಅನ್ನುವುದು ನಮ್ಮ ಹಳೇ ಚಾಳಿ.

ನಮ್ಮ ಜಿಲ್ಲೆಯ ಕೆಜಿಎಫ್ ಪಕ್ಕಕ್ಕಿಟ್ಟು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದ ಮೇಲೆ ಅಲ್ಲಿ ಚರ್ಚುಗಳು ಗಣಿಯ ಸಂಬಳದ ಬೆನ್ನಿಗೇ ಬಂದವು: ಕಾರ್ನ್‌ವಾಲಿನ ಗಣಿಗಾರರಿಗೆ ಮೆಥೊಡಿಸ್ಟ್ ಪ್ರಾರ್ಥನಾ ಮಂದಿರ, ದೊಡ್ಡ ಅಧಿಕಾರಿಗಳಿಗೆ ಆಂಗ್ಲಿಕನ್ ಚರ್ಚು, ತಮಿಳು ಕಾರ್ಮಿಕರಿಗೆ ಅವರವರದು. ಚಾಂಪಿಯನ್ ರೀಫ್ಸಿನ ಕ್ಯಾಥೊಲಿಕ್ ಚರ್ಚು ವಿಜಯಮಾತೆಯದು. ಅದಕ್ಕೂ ಶೆಟ್ಟಿಹಳ್ಳಿಗೂ ಹೆಸರಿನಲ್ಲೇ ನೆಂಟಸ್ತಿಕೆ. 1571ರ ಅಕ್ಟೋಬರ್ 7ರಂದು ಲೆಪಾಂಟೊದ ಸಮುದ್ರ ಯುದ್ಧದಲ್ಲಿ ತುರ್ಕರು ಸೋತ ನೆನಪಿಗೆ ಪೋಪ್ ಐದನೇ ಪಯಸ್ ವಿಜಯಮಾತೆಯ ಹಬ್ಬ ಮಾಡಿದರು. ಎರಡು ವರ್ಷಕ್ಕೇ ಮುಂದಿನ ಪೋಪ್ ಅದನ್ನು ಜಪಮಾಲೆ ಮಾತೆಯ ಹಬ್ಬ ಎಂದರು. ಅಕ್ಟೋಬರ್ 7 ಅಂದರೆ ನಮ್ಮಲ್ಲಿ ಮುಂಗಾರು ಮುಗಿದು ಅಣೆಕಟ್ಟುಗಳು ತುಂಬಿ ನಿಲ್ಲುವ ಕಾಲ. ಮಳೆ ಚೆನ್ನಾಗಿ ಆದ ವರ್ಷ ಶೆಟ್ಟಿಹಳ್ಳಿಯ ಹಳೆಯ ಚರ್ಚಿನಲ್ಲಿ ಅದರ ಹಬ್ಬದ ದಿನವೇ ಕಾಲಿಡಲು ಆಗುವುದಿಲ್ಲ.

ಆ ನೀರಿನ ಕಥೆ ಶುರುವಾಗುವುದು 1924ರಲ್ಲಿ, ಮೈಸೂರು ಮತ್ತು ಮದ್ರಾಸಿನ ಕಾವೇರಿ ಒಪ್ಪಂದದಿಂದ. ಕೃಷ್ಣರಾಜಸಾಗರ, ಮೆಟ್ಟೂರುಗಳ ಲೆಕ್ಕ ಮುಗಿಸಿದ ಆ ಕಾಗದದಲ್ಲಿ ಐವತ್ತು ವರ್ಷದ ಮೇಲೆ ಮರುಪರಿಶೀಲನೆ ಎಂದಿತ್ತು. ಸಮಯ ಹತ್ತಿರ ಬಂದಂತೆ ಕರ್ನಾಟಕ ಕಾವೇರಿಯ ಉಪನದಿಗಳಿಗೆ ಕೈಹಾಕಿತು: ಕಬಿನಿ, ಹಾರಂಗಿ, ಹೇಮಾವತಿ. ತಮಿಳುನಾಡು ಆಕ್ಷೇಪ ಎತ್ತಿತು, ಕೇಂದ್ರದ ಒಪ್ಪಿಗೆ ಸಿಗಲಿಲ್ಲ. ರಾಜ್ಯ ತನ್ನ ಬೊಕ್ಕಸದಿಂದಲೇ ಕೆಲಸ ಮುಂದುವರಿಸಿತು. ಸಾಹಿತಿ ಗೊರೂರು ರಾಮಸ್ವಾಮಿ ಅಯ್ಯಂಗಾರರ ಊರಿನ ಬಳಿ ಅಣೆಕಟ್ಟು ಎದ್ದಿತು. 1979ರಲ್ಲಿ ಮುಗಿಯಿತು. ಗರಿಷ್ಠ ಮಟ್ಟ 2,922 ಅಡಿ, ಹಿಡಿಯುವ ನೀರು 37.10 ಟಿಎಂಸಿ, ಈ ಎರಡು ಅಂಕಿ ಮಳೆಗಾಲದಲ್ಲಿ ದಿನಾ ಪತ್ರಿಕೆಯಲ್ಲಿ ಬರುತ್ತವೆ. 2,922 ಅಡಿಯ ಗೆರೆಯ ಕೆಳಗೆ ಬಂದ ಹೊಲ, ಮನೆ, ಗುಡಿ, ಮಸಣ ಎಲ್ಲ ಸರ್ಕಾರದ ಕಡತದಲ್ಲಿ ಮುಳುಗಡೆ. ಶೆಟ್ಟಿಹಳ್ಳಿಯವರು ಪರಿಹಾರ ತೆಗೆದುಕೊಂಡು ಎತ್ತರದ ಜಾಗಕ್ಕೆ ಹೋದರು. ಚರ್ಚು ಅಲ್ಲೇ ಉಳಿಯಿತು.

ಕೆಳಗೆ ಕೃಷ್ಣರಾಜಸಾಗರದಲ್ಲೂ ಹೀಗೇ ಒಂದು ಗುಡಿ ಮುಳುಗಿತ್ತು, ಕನ್ನಂಬಾಡಿಯ ವೇಣುಗೋಪಾಲಸ್ವಾಮಿ. ಹೊಯ್ಸಳರ ಕಾಲದ್ದು. ಎಷ್ಟೋ ದಶಕದ ನಂತರ ಖೋಡೆ ಪ್ರತಿಷ್ಠಾನದವರು ಅದನ್ನು ಬಿಚ್ಚಿ, ಕಲ್ಲಿಗೆ ಕಲ್ಲು ಗುರುತು ಹಾಕಿ, ಹಿನ್ನೀರಿನ ದಡದಲ್ಲಿ ಮತ್ತೆ ಜೋಡಿಸಿ ನಿಲ್ಲಿಸಿದರು. ಶೆಟ್ಟಿಹಳ್ಳಿಗೂ ಹೀಗೆ ಮಾಡಬಹುದಲ್ಲ ಎಂದು ಕೇಳುವವರಿದ್ದಾರೆ. ಆಗದು. ಕಂಬ, ತೊಲೆಯ ಗುಡಿಯಲ್ಲಿ ಪ್ರತಿ ಕಲ್ಲೂ ಬಿಡಿ. ತನ್ನ ಭಾರದಿಂದಲೇ ಕೂತಿರುತ್ತದೆ, ಎತ್ತಿದರೆ ಬರುತ್ತದೆ. ಇಟ್ಟಿಗೆ ಗಾರೆಯ ಗೋಡೆಗೆ ಬಿಡಿಭಾಗ ಎಂಬುದೇ ಇಲ್ಲ. ಒಂದೂವರೆ ಶತಮಾನದಲ್ಲಿ ಸುಣ್ಣ ಗಾಳಿಯನ್ನು ಕುಡಿದು ಮತ್ತೆ ಕಲ್ಲಾಗಿದೆ. ಅದನ್ನು ಬಿಚ್ಚುವುದೆಂದರೆ ಒಡೆಯುವುದೇ. ಹೊಯ್ಸಳರ ಹಳೇ ಕ್ರಮವನ್ನು ಹಿಂದುಳಿದದ್ದು ಅಂದುಕೊಂಡವರು ಇದನ್ನೊಮ್ಮೆ ಯೋಚಿಸಬೇಕು.

ಜಗತ್ತಿನಲ್ಲಿ ಬೇರೆಡೆಯೂ ಅಣೆಕಟ್ಟಿನ ನೀರಿಗೆ ಸಿಕ್ಕ ಚರ್ಚುಗಳಿವೆ. ಇಟಲಿಯ ಕುರೋನ್‌ನಲ್ಲಿ 1950ರಿಂದ ಸರೋವರದ ನಡುವೆ ಗಂಟೆ ಗೋಪುರ ಒಂದೇ ನಿಂತಿದೆ. ಸ್ಪೇನಿನ ಸಾವ್ ಜಲಾಶಯದಲ್ಲಿ ಬರ ಬಂದಾಗ ಹಳೆಯ ಗೋಪುರ ಪೂರಾ ಮೇಲೆ ಬರುತ್ತದೆ. ಅವು ಕಲ್ಲಿನವು. ಶೆಟ್ಟಿಹಳ್ಳಿಯ ಇಟ್ಟಿಗೆ ಚರ್ಚು ನಾಲ್ಕು ದಶಕ ದಾಟಿ ನಿಂತಿದ್ದು ಹೇಗೆ?

ಒಂದು ಕಾರಣ ಅದರ ಪಾಳುತನವೇ. ನೀರಿನ ಒತ್ತಡದ ಲೆಕ್ಕ ಸುಲಭ: ಒಂದು ಮೀಟರ್ ಆಳಕ್ಕೆ ಚದರ ಮೀಟರಿಗೆ ಒಂದು ಟನ್. ಮೂರು ಮೀಟರ್ ನೀರು ಹೊರಗೆ ನಿಂತು ಒಳಗೆ ಒಣಗಿದ್ದರೆ ಗೋಡೆಯ ಬುಡದ ಮೇಲೆ ಚದರ ಮೀಟರಿಗೆ ಮೂರು ಟನ್ ಒತ್ತು ಬೀಳುತ್ತದೆ; ಇಟ್ಟಿಗೆ ಗೋಡೆ ಒಳಕ್ಕೆ ಕುಸಿಯುತ್ತದೆ. ಆದರೆ ಊರವರು ಬಿಟ್ಟುಹೋದ ಚರ್ಚಿನಲ್ಲಿ ಬಾಗಿಲಿಲ್ಲ, ಕಿಟಕಿಯ ಚೌಕಟ್ಟಿಲ್ಲ, ಬೆಲ್ಜಿಯಂನಿಂದ ಬಂದಿತ್ತು ಎನ್ನುವ ಬಣ್ಣದ ಗಾಜೂ ಇಲ್ಲ. ಜಲಾಶಯ ಏರಿದಂತೆ ಒಳಗೂ ಹೊರಗೂ ನೀರು ಒಂದೇ ಮಟ್ಟದಲ್ಲಿ ಏರುತ್ತದೆ, ಎರಡು ಕಡೆಯ ಒತ್ತೂ ಒಂದನ್ನೊಂದು ಕಳೆಯುತ್ತದೆ. ನೀರು ಒಳಬರದ ಹಾಗೆ ಬಾಗಿಲು, ಕಿಟಕಿ ಬಿಗಿದು ಜೋಪಾನ ಮಾಡಿದ್ದರೆ ಮೊದಲನೇ ಮಳೆಗಾಲಕ್ಕೇ ಕುಸಿದುಬಿಡಬಹುದಿತ್ತು.

ಹಾನಿ ಆಗುತ್ತಿರುವುದು ಬೇರೆ ಕಡೆ. ನೀರಿನಲ್ಲೇ ಇದ್ದರೂ ಗೋಡೆ ತಾಳೀತು, ಒಣನೆಲದಲ್ಲಿದ್ದರೂ ತಾಳೀತು. ವರ್ಷಕ್ಕೊಮ್ಮೆ ನೆನೆದು ಒಣಗುವುದು ಕಷ್ಟ. ಒಣಗುವಾಗ ಇಟ್ಟಿಗೆಯೊಳಗಿನ ಲವಣ ಮೇಲ್ಮೈಗೆ ಬಂದು ಹರಳುಗಟ್ಟಿ ಪುಡಿ ಉದುರಿಸುತ್ತದೆ. ನೀರು ದಡ ಮುಟ್ಟುವ ಎತ್ತರದಲ್ಲಿ ಅಲೆ ಬಡಿದು ಸಂದಿಯ ಗಾರೆ ತೊಳೆದುಹೋಗುತ್ತದೆ. ಕಮಾನಿನ ನೆತ್ತಿಯಲ್ಲಿ ಹಕ್ಕಿ ಬೀಳಿಸಿದ ಬೀಜದಿಂದ ಗಿಡ ಹುಟ್ಟಿ ಬೇರು ಬಿಡುತ್ತದೆ. ಸೂರು ಹೋದ ಮೇಲೆ ಎರಡೂ ಗೋಡೆಗಳನ್ನು ಹಿಡಿದಿದ್ದ ಕಟ್ಟೂ ಹೋಯಿತು. ಈಗ ಪ್ರತಿ ಕಮಾನೂ ಪಕ್ಕದ ಕಮಾನಿನ ಋಣದಲ್ಲಿ ನಿಂತಿದೆ, ಒಂದು ಬಿದ್ದರೆ ಸಾಲಿಗೆಲ್ಲ ಆಪತ್ತು. ಇದರ ಮೇಲೆ ಮದುವೆಗೆ ಮುಂಚಿನ ಫೋಟೊ ತೆಗೆಸುವ ಜೋಡಿಗಳು, ಗೋಡೆ ಹತ್ತುವ ಸಾಹಸಿಗಳು, ಇಟ್ಟಿಗೆಯ ಮೇಲೆ ಹೆಸರು ಕೆತ್ತುವ ಪ್ರೇಮಿಗಳು.

ರಿಪೇರಿ ಎಂದ ಕೂಡಲೇ ನಮ್ಮವರು ತರುವುದು ಸಿಮೆಂಟು. ಹಳೆಯ ಮೆತ್ತನೆಯ ಇಟ್ಟಿಗೆಗೆ ಅದು ಶತ್ರು: ಸಿಮೆಂಟು ತೇವವನ್ನು ಹೊರಕ್ಕೆ ಬಿಡುವುದಿಲ್ಲ, ಒಳಗೇ ಉಳಿದ ನೀರು ಇಟ್ಟಿಗೆಯನ್ನು ತಿನ್ನುತ್ತದೆ. ಬೇಕಾದ್ದು ಕಟ್ಟಿದವರ ಕಾಲದಂಥದೇ ಸುಣ್ಣ, ಸುರ್ಕಿ. ಬಿರುಕಿಗೆ ತೆಳು ಗಾರೆ ಇಳಿಸಬೇಕು, ಸಂದಿ ತುಂಬಬೇಕು, ಗೋಡೆಯ ತಲೆಗೆ ಮಳೆ ಇಳಿಯದ ಹಾಗೆ ಗಾರೆಯ ಹೊದಿಕೆ ಹಾಕಬೇಕು, ವಾಲಿದ ಕಮಾನಿಗೆ ಆಸರೆ ಕೊಡಬೇಕು. ಇದನ್ನು ಬಲ್ಲ ಗಾರೆಯವರು ಕಾರೈಕುಡಿ ಕಡೆ ಇನ್ನೂ ಇದ್ದಾರೆ. ತೊಡಕು ಇರುವುದು ತಿಂಗಳ ಲೆಕ್ಕದಲ್ಲಿ. ಬುಡ ಒಣಗುವುದು ಬೇಸಿಗೆಯ ಹೊತ್ತಿಗೆ, ಮುಂಗಾರು ಜೂನಿಗೆ ಬರುತ್ತದೆ, ಜುಲೈಯಲ್ಲಿ ನೀರು ಮತ್ತೆ ಏರುತ್ತದೆ. ಹಸಿ ಸುಣ್ಣದ ಗಾರೆ ಬಿಗಿಯಲು ವಾರಗಟ್ಟಲೆ ಬೇಕು. ಟೆಂಡರ್ ಕರೆದು, ಒಪ್ಪಿಗೆ ಪಡೆದು, ಆರ್ಥಿಕ ವರ್ಷ ಮುಗಿಯುವ ಮಾರ್ಚಿನಲ್ಲಿ ಬಿಲ್ಲು ಪಾಸು ಮಾಡುವ ನಮ್ಮ ಇಲಾಖೆಗಳ ಪಂಚಾಂಗಕ್ಕೂ ಈ ಗಾರೆಯ ಪಂಚಾಂಗಕ್ಕೂ ತಾಳೆ ಆಗಬೇಕು. ಸುಣ್ಣವನ್ನು ಹಿಂದಿನ ಡಿಸೆಂಬರಿನಲ್ಲೇ ಅರಳಿಸಿ ಗುಂಡಿಗೆ ಹಾಕಿಟ್ಟುಕೊಂಡವರಿಗೆ ಮಾತ್ರ ಇದು ಆಗುವ ಕೆಲಸ.